ತಂಗಿ, ಮೊದಲು ನಿಮ್ಮ ಮನೆ ಅಳೆ

ಪ್ರಶ್ನೆ: ಅಕ್ಕಾ, ನಾನು ವಿಜಯಪುರದವಳು. ಈ ವರ್ಷ ಪಿಯುಸಿ ಮುಗಿಸಿದೆ. ಇಂಟೀರಿಯರ್ ಡಿಸೈನರ್ ಆಗಬೇಕು ಅಂತ ತುಂಬಾ ಆಸೆ. ಆದರೆ ಮನೆಯಲ್ಲಿ ‘ನಮ್ಮ ಕಡೆ ಅದಕ್ಕೆಲ್ಲ ರೊಕ್ಕ ಕೊಡೋರು ಯಾರು’ ಅಂತಾರೆ. ನೀವು ಈ ಕೆಲಸಕ್ಕೆ ಹೇಗೆ ಬಂದಿರಿ? ಫೋನಿನಲ್ಲಿ ಸಾವಿರಾರು ಫೋಟೊ ಉಳಿಸಿಟ್ಟಿದ್ದೇನೆ. ಆದರೂ ನನ್ನದೇ ಸ್ಟೈಲ್ ಅಂತ ಏನೂ ಕಾಣುತ್ತಿಲ್ಲ. ಅದು ಎಲ್ಲಿಂದ ಬರುತ್ತೆ? ಅದಕ್ಕೆ ಬೆಂಗಳೂರಿಗೋ ಪುಣೆಗೋ ಹೋಗಲೇಬೇಕಾ?

ಉತ್ತರ: ತಂಗಿ, ಆ ಫೋಟೊಗಳಿಂದಲೇ ಶುರು ಮಾಡೋಣ. ಅಳಿಸಬೇಡ, ಇರಲಿ. ಅದರಲ್ಲಿ ನಿನಗೆ ತುಂಬಾ ಇಷ್ಟವಾದ ಹತ್ತು ಫೋಟೊ ತೆಗೆ. ಒಂದೊಂದನ್ನೂ ನೋಡುತ್ತಾ ಕೇಳಿಕೋ. ಈ ಕಿಟಕಿ ಯಾವ ದಿಕ್ಕಿಗಿದೆ? ಹೊರಗೆ ಬಿಸಿಲು ಎಷ್ಟಿದೆ? ಅಷ್ಟು ಎತ್ತರದ ಶೆಲ್ಫಿನ ಧೂಳು ಒರೆಸೋರು ಯಾರು? ಬಿಳಿ ಸೋಫಾದ ಮೇಲೆ ಹೊಲದಿಂದ ಬಂದವರು ಕೂರಬಹುದಾ? ಫೋಟೊದಲ್ಲಿ ಇದಕ್ಕೆ ಉತ್ತರ ಸಿಗಲ್ಲ. ಪಶ್ಚಿಮಕ್ಕೆ ನೆಲದಿಂದ ಸೂರಿನವರೆಗೆ ಗಾಜು ಹಾಕಿದ ಹಾಲ್ ನೋಡೋಕೆ ಚೆಂದ. ಅದನ್ನೇ ವಿಜಯಪುರದಲ್ಲಿ ಮಾಡಿಸಿ, ಏಪ್ರಿಲ್ ತಿಂಗಳಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ನಾಲ್ಕಕ್ಕೆ ಅಲ್ಲಿ ಕೂತು ನೋಡು. ಆ ಮನೆಯವರು ದಪ್ಪ ಪರದೆ ಎಳೆದು, ಲೈಟ್ ಹಾಕಿಕೊಂಡು ಕೂತಿರುತ್ತಾರೆ.

ನಾನು ಈ ಕೆಲಸಕ್ಕೆ ಬಂದಿದ್ದು ಒಂದು ಟೇಪಿನಿಂದ.

ನಾನು ಹುಟ್ಟಿ ಬೆಳೆದದ್ದು ಹಳೇ ಬಾಗಲಕೋಟೆಯ ಒಂದು ಮಾಳಿಗೆ ಮನೆಯಲ್ಲಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬರುತ್ತೆ ಅಂತ ನಮ್ಮ ಓಣಿ ಖಾಲಿ ಮಾಡಬೇಕಾಯಿತು. ನಾನಾಗ ಹೈಸ್ಕೂಲು. ಪರಿಹಾರದ ಲೆಕ್ಕಕ್ಕೆ ಮನೆ ಅಳೆಯಲು ಇಬ್ಬರು ಬಂದರು. ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟು ‘ಗೋಡೆಗೆ ಒತ್ತಿ ಹಿಡಿ ಮಗಾ’ ಅಂದರು. ಪಡಸಾಲೆ ಉದ್ದ 18 ಅಡಿ. ಅಗಲ 11. ಗೋಡೆ ದಪ್ಪ ಎರಡೂವರೆ ಅಡಿ. ಬಾಗಿಲು ಇಷ್ಟು, ತೊಲೆ ಇಷ್ಟು, ಜಂತಿ ಇಷ್ಟು. ಅರ್ಧ ಗಂಟೆಯಲ್ಲಿ ನಮ್ಮ ಮನೆ ಒಂದು ಹಾಳೆಯ ಮೇಲೆ ಬಂತು.

ಅವರು ಹೋದ ಮೇಲೆ ನನಗೆ ಏನೋ ತಳಮಳ. ಮನೆಯಲ್ಲಿ ಇನ್ನೂ ಎಷ್ಟೋ ಇತ್ತು, ಆ ಹಾಳೆಯಲ್ಲಿ ಇರಲಿಲ್ಲ. ಅವ್ವನ ಹೊಲಿಗೆ ಟೇಪ್ ತಗೊಂಡು, ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ನಾನೇ ಬರೆದುಕೊಂಡೆ. ಬಾಗಿಲ ಪಕ್ಕದ ಕಟ್ಟೆ 15 ಇಂಚು ಎತ್ತರ, ಅಜ್ಜ ಕೂತರೆ ಅಂಗಾಲು ಪೂರ್ತಿ ನೆಲಕ್ಕೆ ಊರುತ್ತೆ. ದೀಪ ಇಡೋ ಗೂಡು ನೆಲದಿಂದ ನಾಲ್ಕು ಅಡಿ, ಅವ್ವನ ಎದೆ ಮಟ್ಟ. ಬೆಳಕಿಂಡಿಯಿಂದ ಬೀಳೋ ಬಿಸಿಲಿನ ಚೌಕ ಬೆಳಿಗ್ಗೆ ಹತ್ತಕ್ಕೆ ಕಂಬದ ಬುಡದಲ್ಲಿ, ಹನ್ನೆರಡಕ್ಕೆ ಬೀಸುಕಲ್ಲಿನ ಹತ್ತಿರ. ಆ ಚೌಕ ಬೀಸುಕಲ್ಲು ಮುಟ್ಟಿದರೆ ಊಟದ ಹೊತ್ತು ಅಂತ ನಮಗೆ ಗೊತ್ತಿತ್ತು, ಗಡಿಯಾರ ನೋಡುತ್ತಿರಲಿಲ್ಲ.

ಆ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ. ಮನೆ ಇಲ್ಲ.

ತಲಬಾಗಿಲು ಮತ್ತು ನಾಲ್ಕು ತೊಲೆ ಬಿಚ್ಚಿಕೊಂಡು ಟ್ರ್ಯಾಕ್ಟರಿನಲ್ಲಿ, ಮುಳುಗಡೆಯವರಿಗಾಗಿ ಕಟ್ಟಿದ ನವನಗರಕ್ಕೆ ಬಂದೆವು. ಹೊಸ ಆರ್‌ಸಿಸಿ ಮನೆ, ದೊಡ್ಡ ಕಿಟಕಿ, ಹೊಳೆಯೋ ನೆಲ. ಎಲ್ಲರಿಗೂ ಖುಷಿ. ಮೊದಲ ಬೇಸಿಗೆ ಬಂತು ನೋಡು, ಮಧ್ಯಾಹ್ನ ಹಾಲಿನಲ್ಲಿ ಯಾರೂ ಮಲಗೋಕೆ ಆಗಲಿಲ್ಲ. ಅಜ್ಜ ಹಗ್ಗದ ಹೊರಸು ಎತ್ತಿಕೊಂಡು ಹೊರಗೆ ಬೇವಿನ ಗಿಡದ ಕೆಳಗೆ ಹೋದ. ಯಾಕೆ ಹೀಗೆ ಅಂತ ನಾನು ಎಲ್ಲರನ್ನೂ ಕೇಳಿದೆ. ಉತ್ತರ ಸಿಕ್ಕಿದ್ದು ಓದೋಕೆ ಹೋದ ಮೇಲೆ. ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ ಇದ್ದರೆ ಬಿಸಿಲಿನ ಕಾವು ಒಳಗೆ ಬರೋಷ್ಟರಲ್ಲಿ ಹೊತ್ತು ಮುಳುಗಿರುತ್ತೆ. ಆ ಹೊತ್ತಿಗೆ ಜನ ಹಾಸಿಗೆ ತಗೊಂಡು ಮಾಳಿಗೆ ಹತ್ತಿರುತ್ತಾರೆ. ಐದು ಇಂಚಿನ ಸ್ಲ್ಯಾಬಿಗೆ ಅಷ್ಟು ತಾಳಿಕೆ ಇಲ್ಲ. ಮಧ್ಯಾಹ್ನಕ್ಕೇ ಕಾವು ಇಳಿಸಿಬಿಡುತ್ತೆ.

ನಿನಗೆ ಗೊತ್ತಿರಲಿ, ನವನಗರದ ಯೋಜನೆ ಮಾಡಿದವರು ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ. ಬಿಸಿಲ ನಾಡಿನಲ್ಲಿ ಅಂಗಳ, ಮೊಗಸಾಲೆ, ಆಕಾಶಕ್ಕೆ ತೆರೆದ ಜಾಗ ಕೂಡ ಮನೆಯ ಕೋಣೆಗಳೇ ಅಂತ ಜೀವನವಿಡೀ ಹೇಳಿದವರು. ನಾವು ಮನೆ ಕಟ್ಟುವಾಗ ಆ ತೆರೆದ ಜಾಗಕ್ಕೇ ಮೊದಲು ಛಾವಣಿ ಹಾಕಿದೆವು. ನನ್ನ ಕೆಲಸದ ಅರ್ಧ ಭಾಗ, ಹಾಗೆ ಮುಚ್ಚಿದ್ದನ್ನು ಎಲ್ಲೋ ಒಂದು ಕಡೆ ಮತ್ತೆ ತೆರೆಯೋದು.

ಈಗ ನಿನ್ನ ಊರಿಗೆ ಬರುತ್ತೇನೆ. ಸ್ಫೂರ್ತಿ ಎಲ್ಲಿ ಸಿಗುತ್ತೆ ಅಂತ ಕೇಳೋ ಹುಡುಗಿ ಗೋಳಗುಮ್ಮಟದ ಊರಿನಲ್ಲಿದ್ದಾಳೆ! ಎಷ್ಟು ಸಲ ಹೋಗಿರುತ್ತೀಯ, ನೆಂಟರು ಬಂದಾಗಲೆಲ್ಲ. ಈ ಸಲ ಒಬ್ಬಳೇ ಹೋಗು. ಮೇಲೆ ಹತ್ತಿ ಕೂಗಬೇಡ. ಕೆಳಗೆ ಒಂದು ಮೂಲೆಯಲ್ಲಿ ನಿಂತು ಕತ್ತೆತ್ತಿ ನೋಡು. ಒಳಗಿನ ನೆಲ ಚೌಕ, ಒಂದೊಂದು ಬದಿ ಸುಮಾರು 41 ಮೀಟರ್. ಮೇಲಿರೋದು ಗುಂಡು, ಒಳಗಿನ ಅಗಲ ಸುಮಾರು 38 ಮೀಟರ್. ನಡುವೆ ಒಂದೂ ಕಂಬ ಇಲ್ಲ. ಚೌಕ ಹೇಗೆ ಗುಂಡಾಯಿತು? ಎಂಟು ಕಮಾನುಗಳು ಒಂದನ್ನೊಂದು ಅಡ್ಡ ಹಾಯ್ದು, ಮೂಲೆಗಳನ್ನು ಮೆಲ್ಲಗೆ ಒಳಗೆ ಎಳೆದುಕೊಳ್ಳುತ್ತವೆ. ಅದನ್ನು ಕಣ್ಣಲ್ಲಿ ನೋಡಿದರೆ ಸಾಲದು, ಕಾಗದದ ಮೇಲೆ ಗೆರೆ ಎಳೆದು ನೋಡು. ನನಗೆ ನಾಲ್ಕು ಸಲ ತಪ್ಪಿತು, ಐದನೇ ಸಲ ಬಂತು. 1656ರಲ್ಲಿ ಮುಗಿದ ಕಟ್ಟಡ ಅದು. ಕಂಪ್ಯೂಟರಿನಲ್ಲಿ ಬಟನ್ ಒತ್ತಿ ಗುಂಡು ಸೀಲಿಂಗ್ ಮಾಡೋದಕ್ಕೂ, ಮೂಲೆಯಲ್ಲಿ ಏನಾಗುತ್ತೆ ಅಂತ ಕೈಯಲ್ಲಿ ಬರೆದು ತಿಳಿಯೋದಕ್ಕೂ ಬಹಳ ಅಂತರ ಇದೆ.

ಅಲ್ಲಿಂದ ಇಬ್ರಾಹಿಂ ರೋಜಾಕ್ಕೆ ಹೋಗು. ಅಲ್ಲಿ ಕಲ್ಲಿನ ಜಾಲಿಗಳಲ್ಲಿ ಅಕ್ಷರಗಳನ್ನೇ ಕೊರೆದಿದ್ದಾರೆ. ಬೆಳಕು ಅಕ್ಷರಗಳ ಸಂದಿಯಿಂದ ಒಳಗೆ ಬರುತ್ತೆ. ಚೆಂದ ಅನ್ನೋದು ಸರಿ. ಆದರೆ ನೀನು ಕಲ್ಲಿನ ದಪ್ಪ ನೋಡು. ಈಗ ಎಲ್ಲರ ಮನೆಯಲ್ಲೂ ಸಿಎನ್‌ಸಿ ಕಟಿಂಗ್ ಜಾಲಿ, ಅಂದರೆ ಕಂಪ್ಯೂಟರ್ ಮಷಿನ್ ಕೊರೆದ ಜಾಲಿ ಬಂದಿದೆ, ಅಲ್ವಾ? 12 ಎಂಎಂ ಹಲಗೆ, ದೊಡ್ಡ ದೊಡ್ಡ ಹೂವಿನ ತೂತು. ಅದು ಬಿಸಿಲನ್ನು ತಡೆಯಲ್ಲ. ತೂತಿನ ಅಗಲಕ್ಕೆ ತಕ್ಕ ದಪ್ಪ ಇದ್ದರೆ ಮಾತ್ರ ಓರೆಯಾಗಿ ಬರೋ ಬಿಸಿಲು ಜಾಲಿಯ ಒಳಮೈಗೆ ಬಡಿದು, ಬರೀ ಬೆಳಕಾಗಿ ಒಳಗೆ ಬರುತ್ತೆ. ನಾನು ಪಶ್ಚಿಮದ ಗೋಡೆಗೆ ಜಾಲಿ ಹಾಕಿದರೆ ನಾಲ್ಕು ಇಂಚಿನ ತೂತಿಗೆ ನಾಲ್ಕು ಇಂಚು ದಪ್ಪ ಇಡುತ್ತೇನೆ. ಸುಟ್ಟ ಮಣ್ಣಿನದೋ ಕಲ್ಲಿನದೋ ಇರುತ್ತೆ. ಖರ್ಚು ಜಾಸ್ತಿ, ಹೂವು ಕಡಿಮೆ. ಒಳಗೆ ತಂಪು.

ಆರ್ಕಿಟೆಕ್ಟ್ ಲಾರಿ ಬೇಕರ್ ಕೇರಳದಲ್ಲಿ ಮಾಡಿದ ಇಟ್ಟಿಗೆ ಜಾಲಿಗಳನ್ನು ನೋಡಿ ನಾನು ಹುಚ್ಚಾಗಿದ್ದೆ. ಅಲ್ಲಿನ ತೇವದ ಗಾಳಿಗೆ ಅದು ಹೇಳಿ ಮಾಡಿಸಿದ್ದು. ಅದನ್ನೇ ಇಲ್ಲಿ ಬಯಲಿಗೆ ಎದುರಾಗಿ ಇಟ್ಟರೆ ಗಾಳಿಗಿಂತ ಮೊದಲು ಎರಿ ಮಣ್ಣಿನ ಧೂಳು ಬರುತ್ತೆ. ಅದಕ್ಕೆ ನಾನು ಜಾಲಿಯ ಒಳಗಡೆ ಒಂದು ಮರದ ಬಾಗಿಲು ಇಡುತ್ತೇನೆ. ಗಾಳಿ ಎದ್ದಾಗ ಮುಚ್ಚಿಕೊಳ್ಳಲಿ. ದೊಡ್ಡವರಿಂದ ಕಲಿಯೋದು ಅಂದರೆ ಅವರು ಯಾಕೆ ಹಾಗೆ ಮಾಡಿದರು ಅನ್ನೋದನ್ನು ಕಲಿಯೋದು ಅಂತ ನನಗೆ ಅರ್ಥವಾಗಿದ್ದು ಆಗ.

ಐಹೊಳೆಯ ಲಾಡಖಾನ್ ಗುಡಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅಲ್ಲಿ ಶಿಲ್ಪ ನೋಡೋರೇ ಎಲ್ಲರೂ. ನೀನು ಸ್ವಲ್ಪ ದೂರ ನಿಂತು ಛಾವಣಿ ನೋಡು. ಇಳಿಜಾರಾಗಿ ಕಲ್ಲಿನ ಚಪ್ಪಡಿಗಳನ್ನು ಹಾಸಿದ್ದಾರೆ. ಎರಡು ಚಪ್ಪಡಿ ಸೇರುವ ಕಡೆ ಸಂದಿ ಬೀಳುತ್ತಲ್ಲ, ಅದರ ಮೇಲೆ ಉದ್ದಕ್ಕೆ ಒಂದು ಕಲ್ಲಿನ ಪಟ್ಟಿ, ಮರದ ದಿಮ್ಮಿಯ ಹಾಗೆ. ಮಳೆ ನೀರು ಒಳಗೆ ಇಳಿಯಬಾರದು ಅಂತ. ನಮ್ಮ ಬಡಿಗೇರರು ಪ್ಲೈವುಡ್ ಜೋಡಣೆ ಮುಚ್ಚೋಕೆ ಬೀಡಿಂಗ್ ಪಟ್ಟಿ ಹೊಡೆಯುತ್ತಾರೆ. ಅದೇ ಕೆಲಸ! ಚಾಲುಕ್ಯರ ಕಾಲದ ಕೆಲಸಗಾರ ಸಂದಿಯನ್ನು ಬಚ್ಚಿಡಲಿಲ್ಲ. ಅದರ ಮೇಲೆ ಪಟ್ಟಿ ಇಟ್ಟ, ಆ ಪಟ್ಟಿಗಳಿಂದಲೇ ಛಾವಣಿಗೆ ಒಂದು ರೂಪ ಬಂತು. ಅದನ್ನು ನೋಡಿ ಬಂದ ಮೇಲೆ ನಾನು ಜೋಡಣೆಗಳನ್ನು ಪುಟ್ಟಿ ಬಳಿದು ಮುಚ್ಚೋದು ಬಿಟ್ಟೆ. ಎರಡು ವಸ್ತು ಸೇರುವಲ್ಲಿ ಒಂದು ಪಟ್ಟಿ, ಇಲ್ಲವೇ ಒಂದು ಸಣ್ಣ ಗೀರು. ಕಾಣಲಿ ಅಂತ ಬಿಡುತ್ತೇನೆ.

ಇಳಕಲ್ ಸೀರೆಯಲ್ಲೂ ಇದೇ ಮಾತಿದೆ. ಒಡಲಿನ ಹಾಸು ನೂಲು ಬೇರೆ, ಸೆರಗಿನದು ಬೇರೆ. ಎರಡನ್ನೂ ಕೊಂಡಿ ಹಾಕಿ ಸೇರಿಸುತ್ತಾರೆ. ಅದೇ ತೋಪು ತೆನೆ. ಬಣ್ಣದ ಲೆಕ್ಕ ನಾನು ಕಲಿತದ್ದು ಆ ಸೀರೆಯಿಂದಲೇ. ಒಡಲಿಗೆ ಒಂದೇ ಗಾಢ ಬಣ್ಣ, ಅಂಚಿಗೆ ಅಗಲವಾದ ಪಟ್ಟಿ, ಸೆರಗಿನಲ್ಲಿ ಮಾತ್ರ ಕೆಂಪು ಬಿಳಿಯ ಅಬ್ಬರ. ನನ್ನ ಕೋಣೆಗಳೂ ಹಾಗೇ. ನಾಲ್ಕು ಗೋಡೆಗೆ ನಾಲ್ಕು ಬಣ್ಣ ಕೇಳಿದವರಿಗೆ ಸೀರೆ ಬಿಚ್ಚಿ ತೋರಿಸಿದ್ದೇನೆ. ಆದರೆ ಒಂದು ಮಾತು. ನಮ್ಮ ಊರಿನದು ಅಂತ ಗುಳೇದಗುಡ್ಡದ ಖಣವನ್ನು ಕಂಡ ಕಂಡಲ್ಲಿ ಅಂಟಿಸಬೇಡ. ಎರಡು ದಿಂಬಿಗೆ ಸಾಕು. ಬಿಸಿಲು ಬೀಳೋ ಕಿಟಕಿಗೆ ಪರದೆ ಮಾಡಿದರೆ ಬಣ್ಣ ಹೋಗುತ್ತೆ, ನೇಯ್ದವರ ಶ್ರಮ ಹಾಳು.

ನನಗೆ ಮೊದಲು ಸಂಬಳ ಬಿಟ್ಟು ಸ್ವಂತ ರೊಕ್ಕ ತಂದುಕೊಟ್ಟದ್ದೂ ಇಳಕಲ್ಲೇ. ಒಂದು ಸಣ್ಣ ಸೀರೆ ಅಂಗಡಿ. ಗಿರಾಕಿಗಳು ಪ್ರತಿ ಸೀರೆಯನ್ನೂ ಬಾಗಿಲ ಹೊರಗೆ ಒಯ್ದು ಬಿಸಿಲಲ್ಲಿ ನೋಡಿ ಬರುತ್ತಿದ್ದರು. ಮಾಲೀಕರಿಗೆ ಗಾಜಿನ ಶೋಕೇಸ್ ಬೇಕಿತ್ತು. ನಾನು ಎರಡು ದಿನ ಗಾದಿಯ ಮೇಲೆ ಸುಮ್ನೆ ಕೂತು ನೋಡಿ, ಬಲ್ಬ್ ಬದಲಿಸೋಣ ಅಂದೆ. ಬಣ್ಣವನ್ನು ಇದ್ದಂತೆ ತೋರಿಸೋ ಗುಣಕ್ಕೆ ಸಿಆರ್‌ಐ ಅಂತ ಅಳತೆ ಇದೆ. 90ಕ್ಕಿಂತ ಮೇಲಿನದು ಹಾಕಿಸಿದೆವು. ದಾಳಿಂಬೆ ಕೆಂಪು ಒಳಗೂ ದಾಳಿಂಬೆ ಕೆಂಪಾಗಿಯೇ ಕಂಡಿತು. ಹೊರಗೆ ಹೋಗೋರು ಕಡಿಮೆಯಾದರು. ಶೋಕೇಸ್ ಇವತ್ತಿಗೂ ಇಲ್ಲ.

ಈಗ ಅಡಿಗೆಮನೆಗೆ ಬಾ. ನನ್ನ ಕೆಲಸದ ದಿಕ್ಕು ಬದಲಾಗಿದ್ದು ಇಲ್ಲಿ.

ಜಮಖಂಡಿಯ ಒಂದು ಮನೆಗೆ ಚೆಂದದ ಮಾಡ್ಯುಲರ್ ಕಿಚನ್ ಮಾಡಿಕೊಟ್ಟೆ. ಕಟ್ಟೆ ಎತ್ತರ 34 ಇಂಚು, ಕೆಳಗೆಲ್ಲ ಡ್ರಾಯರ್. ತಿಂಗಳು ಬಿಟ್ಟು ಹೋದೆ. ಮನೆಯ ಆಯಿ ಹಿತ್ತಲಿನಲ್ಲಿ ನೆಲದ ಮೇಲೆ ಕೂತು, ಹಳೇ ಒಲೆಯ ಮೇಲೆ ರೊಟ್ಟಿ ಮಾಡುತ್ತಿದ್ದರು. ಯಾಕೆ ಆಯಿ ಅಂತ ಕೇಳಿದೆ. ‘ನಿನ್ನ ಕಟ್ಟಿ ಮ್ಯಾಲ ತೋಳು ಮ್ಯಾಲೇಳತಾವ, ಬಲ ಬರೂದಿಲ್ಲ’ ಅಂದರು. ಒಳಗೆ ಹೋಗಿ ಡ್ರಾಯರ್ ಎಳೆದೆ. ಅದು ಜಾರೋ ಚಾನೆಲ್ ತುಂಬ ಜೋಳದ ಹಿಟ್ಟು. ಸೊಸೆ ನಿಂತು ರೊಟ್ಟಿ ಬಡಿಯುವಾಗ ಕಟ್ಟೆ ಅದುರಿ, ಹಿಟ್ಟು ಸಂದಿಯಿಂದ ಕೆಳಗೆ ಇಳಿದಿತ್ತು. ಪಾತ್ರೆ ಜಾಗದ ಲೆಕ್ಕ ನಾನು ಹಾಕಿದ್ದೆ. ರೊಟ್ಟಿಯ ಲೆಕ್ಕ ಹಾಕಿರಲಿಲ್ಲ. ಚಪಾತಿ ಲಟ್ಟಿಸೋಕೆ ಕೈ ಮುಂದೆ ಹಿಂದೆ ಹೋಗುತ್ತೆ. ರೊಟ್ಟಿಗೆ ಅಂಗೈ ಮೇಲಿಂದ ಬೀಳಬೇಕು, ಭುಜದಿಂದ ಬಲ ಬರಬೇಕು.

ಮತ್ತೆ ಅಳೆದೆ. ಆಯಿಯನ್ನು ಎದುರಿಗೆ ನಿಲ್ಲಿಸಿ, ಇಟ್ಟಿಗೆ ಜೋಡಿಸಿ ಅದರ ಮೇಲೆ ಹಲಗೆ ಇಟ್ಟು, ಒಂದೊಂದೇ ಇಂಚು ಇಳಿಸುತ್ತಾ ಬಡಿದು ನೋಡಿ ಅಂದೆ. 28 ಇಂಚಿಗೆ ಬಂದಾಗ ‘ಇದು ಬರೋಬ್ಬರಿ’ ಅಂದರು. ಕಟ್ಟೆಯ ಮೂರು ಅಡಿ ಉದ್ದವನ್ನು ಅಷ್ಟಕ್ಕೇ ಇಳಿಸಿದೆವು. ಕೆಳಗೆ ಡ್ರಾಯರ್ ಇಲ್ಲ, ಗೌಂಡಿ ಕಟ್ಟಿದ ಗಟ್ಟಿ ಇಟ್ಟಿಗೆ ಗೋಡೆ. ಮೇಲೆ ದಪ್ಪ ಕಡಪಾ ಕಲ್ಲು. ಒಲೆಯನ್ನೂ ಪಕ್ಕದಲ್ಲೇ ತಗ್ಗಿಸಿ ಇಟ್ಟೆವು. ಬಡಿದ ರೊಟ್ಟಿ ಎತ್ತಿ ಹಂಚಿಗೆ ಹಾಕುವಾಗ ಕೈ ಜಾಸ್ತಿ ಏಳಬಾರದು, ಇಲ್ಲದಿದ್ದರೆ ರೊಟ್ಟಿ ಹರಿಯುತ್ತೆ. ಹೊಗೆ ಹೋಗೋಕೆ ಎಡಕ್ಕೆ ಕಿಟಕಿ. ಅವತ್ತಿನಿಂದ ಯಾವ ಮನೆಗೆ ಹೋದರೂ ನನ್ನ ಮೊದಲ ಪ್ರಶ್ನೆ ಒಂದೇ. ರೊಟ್ಟಿ ಯಾರು ಬಡೀತಾರೆ, ಕೂತೋ ನಿಂತೋ?

ಈಗ ಜನ ಒಳಗೆ ಬಂದು ‘ಇದು ನಿಮ್ಮ ಕೆಲಸ ಅಲ್ವಾ’ ಅಂತ ಗುರುತು ಹಿಡಿಯುತ್ತಾರೆ. ಇಳಿದ ರೊಟ್ಟಿ ಕಟ್ಟೆ, ದಪ್ಪ ಜಾಲಿ, ಬಾಗಿಲ ಪಕ್ಕ 15 ಇಂಚಿನ ಕಟ್ಟೆ, ಶಹಾಬಾದ್ ಫರಸಿಯ ನೆಲ, ಎಲ್ಲೋ ಒಂದು ಬೆಳಕಿಂಡಿ. ಇದನ್ನೆಲ್ಲ ಸ್ಟೈಲ್ ಅಂತ ನಾನು ಆರಿಸಿಕೊಂಡದ್ದಲ್ಲ. ಒಂದೊಂದೂ ಯಾವುದೋ ಮನೆಯ, ಯಾರದೋ ಮೈಯ ಅಳತೆಯಿಂದ ಬಂತು. ಮತ್ತೆ ಮತ್ತೆ ಮಾಡಿದೆ, ಹೆಸರು ಆಮೇಲೆ ಬಂತು.

ನನ್ನ ಒಂದು ದೊಡ್ಡ ತಪ್ಪನ್ನೂ ಹೇಳಿಬಿಡುತ್ತೇನೆ, ನಿನಗೆ ಉಪಯೋಗ ಆಗಲಿ. ಬೆಳಗಾವಿಯ ಟಿಳಕವಾಡಿಯ ಒಂದು ಮನೆಗೆ ಏಪ್ರಿಲ್‌ನಲ್ಲಿ ಗೋಡೆಯಿಂದ ಗೋಡೆಗೆ ವಾರ್ಡ್‌ರೋಬ್ ಕೂರಿಸಿದೆ. ಗೋಡೆ ಒಣಗಿತ್ತು. ನಾನು ಬಿಸಿಲ ಸೀಮೆಯವಳು, ಬೆಳಗಾವಿಯ ಮಳೆಯ ಅಂದಾಜು ಇರಲಿಲ್ಲ. ಜುಲೈ, ಆಗಸ್ಟ್ ಎರಡು ತಿಂಗಳು ಪಶ್ಚಿಮದ ಗೋಡೆಗೆ ಮಳೆ ಹೊಡೆಯಿತು. ದಸರಾಕ್ಕೆ ರೇಷ್ಮೆ ಸೀರೆ ತೆಗೆಯೋಕೆ ಬಾಗಿಲು ತೆರೆದರೆ ಒಳಗೆಲ್ಲ ಬೂಷ್ಟು. ಮದುವೆ ಸೀರೆಗೇ ಕಲೆ ಬಿದ್ದಿತ್ತು. ನೀರಿಗೆ ಜಗ್ಗಲ್ಲ ಅಂತ ಅಂಗಡಿಯವರು ಕೊಟ್ಟ ಪ್ಲೈವುಡ್ ಪದರ ಪದರ ಬಿಚ್ಚಿಕೊಂಡಿತ್ತು. ಅಂಗಡಿಯವರದು ಮೋಸ, ನಿಜ. ಆದರೆ ಆ ಗೋಡೆಯ ಹೊರಮೈ ನಾನು ನೋಡಿರಲಿಲ್ಲ. ನನ್ನ ಖರ್ಚಿನಲ್ಲೇ ಎಲ್ಲ ಬಿಚ್ಚಿ ಮತ್ತೆ ಮಾಡಿಕೊಟ್ಟೆ. ಸೀರೆ ಮಾತ್ರ ನನ್ನಿಂದ ವಾಪಸ್ ಕೊಡೋಕೆ ಆಗಲಿಲ್ಲ. ಅದನ್ನು ನೆನೆದರೆ ಈಗಲೂ ಬೇಜಾರು.

ಈಗ ನೀರಿನ ಕಡೆಗೆ ಐಎಸ್ 710 ಗುರುತಿನ, ಅಂದರೆ ನೀರು ತಾಳೋ ಪ್ಲೈ ಮಾತ್ರ, ಉಳಿದ ಕಡೆ ಸಾಮಾನ್ಯ ಬಳಕೆಯ ಐಎಸ್ 303. ಗುರುತು ಇದ್ದರೂ ಒಂದು ತುಂಡು ಕತ್ತರಿಸಿ ಕುದಿಯೋ ನೀರಲ್ಲಿ ಹಾಕಿ ನೋಡುತ್ತೇನೆ. ಗೋಡೆಗೂ ಹಿಂಬದಿಯ ಹಲಗೆಗೂ ನಡುವೆ ಒಂದು ಇಂಚು ಗಾಳಿ ಆಡಬೇಕು. ವಿಜಯಪುರ, ಬಾಗಲಕೋಟೆಯಲ್ಲಿ ಕಥೆ ಉಲ್ಟಾ. ಬೇಸಿಗೆಗೆ ಮರ ಕುಗ್ಗುತ್ತೆ. ಎರಿ ಮಣ್ಣು ಒಣಗಿ ಬಿರಿದರೆ ಗೋಡೆಯೂ ಸ್ವಲ್ಪ ಸರಿಯುತ್ತೆ. ಬಿಗಿಯಾಗಿ ಕೂರಿಸಿದ ವಾರ್ಡ್‌ರೋಬಿನ ಬಾಗಿಲು ಹಿಡಿದುಕೊಳ್ಳುತ್ತೆ. ಅದಕ್ಕೆ ಎರಡೂ ತುದಿಯಲ್ಲಿ ಸಂದಿ ಬಿಟ್ಟು ಮೇಲೆ ಪಟ್ಟಿ ಹೊಡೆಯೋದು. ಮತ್ತೆ ಲಾಡಖಾನ್ ಗುಡಿ, ನೋಡು.

ಓದಿನ ವಿಷಯ. ಆರ್ಕಿಟೆಕ್ಟ್ ಆಗಬೇಕೆಂದರೆ ನಾಟಾದಂಥ ಪ್ರವೇಶ ಪರೀಕ್ಷೆ ಬರೆದು ಐದು ವರ್ಷ ಬಿಆರ್ಕ್ ಓದಬೇಕು. 1972ರ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಅಂತ ಹಾಕಿಕೊಳ್ಳುವಂತಿಲ್ಲ. ಇಂಟೀರಿಯರ್ ಡಿಸೈನರ್ ಅನ್ನೋ ಹೆಸರಿಗೆ ಅಂಥ ಕಾಯ್ದೆ ಇಲ್ಲ. ನಾಲ್ಕು ವರ್ಷದ ಬಿಡಿಸೈನ್ ಇದೆ, ಡಿಪ್ಲೊಮಾಗಳಿವೆ. ನಾನು ಇಲ್ಲೇ ಸಿವಿಲ್ ಡಿಪ್ಲೊಮಾ ಮಾಡಿ, ಆಮೇಲೆ ಪುಣೆಯಲ್ಲಿ ಎರಡು ವರ್ಷ ಇಂಟೀರಿಯರ್ ಓದಿದೆ. ಆ ಸಿವಿಲ್ ನನಗೆ ಬಹಳ ಕೈ ಹಿಡಿಯಿತು. ಯಾವ ಗೋಡೆ ಒಡೆಯಬಾರದು ಅಂತ ಯಾರನ್ನೂ ಕೇಳಬೇಕಾಗಿಲ್ಲ. ಹೊರಗೆ ಹೋಗೋಕೆ ಅನುಕೂಲ ಇದ್ದರೆ ಹೋಗು. ಡ್ರಾಯಿಂಗ್, ಆಟೋಕ್ಯಾಡ್, ಸ್ಕೆಚ್‌ಅಪ್ ಥರದ ಸಾಫ್ಟ್‌ವೇರ್, ಕೊಟೇಶನ್ ಬರೆಯೋದು, ದೊಡ್ಡ ಸೈಟಿನ ಶಿಸ್ತು ಅಲ್ಲಿ ಬೇಗ ಸಿಗುತ್ತೆ. ಸ್ಟೈಲ್ ಹುಡುಕೋಕೆ ಅಂತ ಹೋಗೋದು ಬೇಡ.

ಮನೆಯವರ ಮಾತಿಗೆ ಬೇಜಾರಾಗಬೇಡ. ಅವರು ಹೇಳೋದರಲ್ಲಿ ಸತ್ಯ ಇದೆ. ನಮ್ಮ ಕಡೆ ಸಾಗವಾನಿಗೆ, ಗ್ರಾನೈಟಿಗೆ ರೊಕ್ಕ ಕೊಡುತ್ತಾರೆ. ಕಾಗದದ ಮೇಲಿನ ಗೆರೆಗೆ ಕೊಡೋಕೆ ಹಿಂದೆ ಮುಂದೆ ನೋಡುತ್ತಾರೆ. ನನಗೆ ಮೊದಲ ಮೂರು ವರ್ಷ ಕಷ್ಟವೇ ಆಯಿತು. ಅಂಗಡಿಯವರಿಂದ ಕಮಿಷನ್ ತಗೊಂಡಿದ್ದರೆ ಸುಲಭ ಇತ್ತು. ತಗೊಳ್ಳಲಿಲ್ಲ, ತಗೊಳ್ಳಲ್ಲ. ಫೀ ಎಷ್ಟು ಅಂತ ಮೊದಲೇ ಕಾಗದದಲ್ಲಿ ಬರೆದುಕೊಡುತ್ತೇನೆ. ಅಳತೆಗೆ ಮುಂಚೆ ಒಂದು ಭಾಗ, ಡ್ರಾಯಿಂಗ್ ಕೊಟ್ಟಾಗ ಒಂದು, ಕೆಲಸ ಮುಗಿದಾಗ ಒಂದು. ಸಾಮಾನಿನ ಬಿಲ್ಲು ನೇರ ಮನೆಯವರ ಹೆಸರಿಗೆ. ಇವತ್ತು ದವಾಖಾನೆ, ಬಟ್ಟೆ ಅಂಗಡಿ, ಮನೆ ಎಲ್ಲದರ ಕೆಲಸ ಬರುತ್ತೆ. ಜಾಹೀರಾತು ಕೊಟ್ಟಿಲ್ಲ. ಒಬ್ಬ ಆಯಿ ಇನ್ನೊಬ್ಬ ಆಯಿಗೆ ಹೇಳುತ್ತಾರೆ.

ರಿಸಲ್ಟ್, ಅಡ್ಮಿಷನ್ ಅಂತ ಓಡಾಡೋ ನಡುವೆ ಒಂದು ಕೆಲಸ ಮಾಡು. ಐದು ಮೀಟರಿನ ಟೇಪ್, ಒಂದು ನೋಟ್‌ಬುಕ್ ತಗೋ. ನಿಮ್ಮ ಮನೆಯಲ್ಲಿ ಮಧ್ಯಾಹ್ನ ಮೂರಕ್ಕೆ ಎಲ್ಲರೂ ಎಲ್ಲಿ ಕೂರುತ್ತಾರೆ ನೋಡು. ಆ ಜಾಗದ ಉದ್ದ, ಅಗಲ, ಹತ್ತಿರದ ಕಿಟಕಿಯ ಎತ್ತರ ಬರೆ. ಬಿಸಿಲು ಗಂಟೆಗೊಮ್ಮೆ ಎಲ್ಲಿಗೆ ಬಂತು ಅಂತ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕು. ನಿಮ್ಮ ಅವ್ವ ರೊಟ್ಟಿ ಬಡಿಯೋ ಕಟ್ಟೆಯ ಎತ್ತರ, ಅವರ ಮೊಣಕೈ ನೆಲದಿಂದ ಎಷ್ಟು ಎತ್ತರ, ಎರಡನ್ನೂ ಪಕ್ಕಪಕ್ಕ ಬರೆ. ಅಜ್ಜ ಅಜ್ಜಿ ಇದ್ದರೆ ಅವರು ಏಳುವಾಗ ಯಾವುದನ್ನು ಹಿಡಿದು ಏಳುತ್ತಾರೆ ಅಂತ ನೋಡು. ಆಮೇಲೆ ಅಕ್ಕಪಕ್ಕದ ನಾಲ್ಕು ಮನೆ.

ದೀಪಾವಳಿ ಮುಗಿದ ಮೇಲೆ ಆ ನೋಟ್‌ಬುಕ್ ತಗೊಂಡು ನವನಗರಕ್ಕೆ ಬಾ, ನಿಮ್ಮ ಅಪ್ಪನನ್ನೂ ಕರೆದುಕೊಂಡು. ಆಗ ನಮ್ಮ ಸೈಟ್ ಕೆಲಸ ಜೋರಾಗಿರುತ್ತೆ. ಟೇಪಿನ ಇನ್ನೊಂದು ತುದಿ ಹಿಡಿಯೋಕೆ ನನಗೆ ಒಬ್ಬರು ಬೇಕು.